ತಂಪು ಬಿಸಿಲಿನ ಬಂಗು: ತಡೆಯುವುದು ಹೇಗೆ?

ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆ ಡಿಸೆಂಬರ್‌ನಿಂದ ಕಾಫಿ ಕುಯ್ಲಿನ ಭರಾಟೆ. ಮಧ್ಯಾಹ್ನವೂ ಗಾಳಿ ತಣ್ಣಗಿರುವುದರಿಂದ, ಕಣದಲ್ಲಿ ಹಣ್ಣು ಹರವಿ ಕೆದಕುವ ಹೆಂಗಸರಿಗೆ ಬಿಸಿಲು ತಾಗಿದ್ದೇ ಗೊತ್ತಾಗುವುದಿಲ್ಲ. ಆದರೆ ಮುಖ ಕಪ್ಪಾಗಿಸುವುದರಲ್ಲಿ ದೊಡ್ಡ ಪಾಲು ನೇರಳಾತೀತ ಕಿರಣಗಳದ್ದು. ಸಾವಿರ ಮೀಟರ್ ಮೇಲೇರಿದರೆ ಅವು ಸುಮಾರು ಶೇ 10ರಷ್ಟು ಹೆಚ್ಚುತ್ತವೆ. ಹಾಸನ, ಚಿಕ್ಕಮಗಳೂರು ಎರಡೂ ಹೆಚ್ಚುಕಡಿಮೆ ಆ ಎತ್ತರದಲ್ಲೇ ಇವೆ. ಮೋಡವಿದ್ದರೂ ಈ ಕಿರಣಗಳು ಬರುತ್ತವೆ, ಬಸ್ಸಿನ ಕಿಟಕಿ ಗಾಜನ್ನೂ ಒಂದಷ್ಟು ದಾಟುತ್ತವೆ.

ಮೊದಲು ಬಂಗು ಹೌದೋ ಅಲ್ಲವೋ ನೋಡಿಕೊಳ್ಳಿ. ಎರಡೂ ಕೆನ್ನೆ, ಹಣೆ, ಮೂಗಿನ ದಿಂಡು, ಮೇಲ್ದುಟಿಯ ಮೇಲೆ ಸಾಮಾನ್ಯವಾಗಿ ಸಮವಾಗಿ ಹರಡಿದ ಕಂದು ಮಚ್ಚೆ. ತುರಿಕೆ ಇಲ್ಲ, ಉರಿ ಇಲ್ಲ. ಅದು ಬಂಗು. ತುರಿಕೆ ಇದ್ದರೆ ತಲೆಗೆ ಹಚ್ಚುವ ಡೈ, ಕುಂಕುಮ, ಸುವಾಸನೆಯ ಕ್ರೀಮುಗಳ ಅಲರ್ಜಿಯನ್ನು ಶಂಕಿಸಬೇಕು. ಕುತ್ತಿಗೆಯ ಹಿಂಭಾಗ ಮಖಮಲ್ಲಿನಂತೆ ದಪ್ಪಗೆ ಕಪ್ಪಾಗಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ. ಎಷ್ಟು ಉಜ್ಜಿದರೂ ಹೋಗುವ ಕೊಳೆ ಅದಲ್ಲ.

ಹೆಂಗಸರಿಗೇ ಬಂಗು ಹೆಚ್ಚು ಬರಲು ಹಾರ್ಮೋನು ಒಂದು ಮುಖ್ಯ ಕಾರಣ. ಬಸುರಿನಲ್ಲಿ ಕಾಣಿಸಿಕೊಂಡದ್ದು ಹೆರಿಗೆಯಾದ ಕೆಲವು ತಿಂಗಳಲ್ಲಿ ಅನೇಕರಿಗೆ ತಿಳಿಯಾಗುತ್ತದೆ. ಗರ್ಭನಿರೋಧಕ ಮಾತ್ರೆ ಶುರು ಮಾಡಿದ ಮೇಲೆ ಬಂದಿದ್ದರೆ ಬೇರೆ ಉಪಾಯವನ್ನು ವೈದ್ಯರಲ್ಲಿ ಕೇಳಿ, ನೀವಾಗಿ ನಿಲ್ಲಿಸಬೇಡಿ. ತಾಯಿಗೋ ಅಕ್ಕನಿಗೋ ಇದ್ದರೆ ನಿಮಗೂ ಬರುವ ಸಂಭವ ಹೆಚ್ಚು. ಇವುಗಳಲ್ಲಿ ಹೆಚ್ಚಿನವು ನಮ್ಮ ಕೈಯಲ್ಲಿಲ್ಲ. ಬಿಸಿಲು ಮಾತ್ರ ಇದೆ.

ನೆರಳು ಮೊದಲು, ಕ್ರೀಮು ಆಮೇಲೆ

ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಎಂದರ್ಥ. ಹರವುವ, ಕೆದಕುವ ಕೆಲಸವನ್ನು ಆದಷ್ಟು ಅದಕ್ಕೆ ಮುಂಚೆ ಅಥವಾ ಆಮೇಲೆ ಇಟ್ಟುಕೊಳ್ಳಿ. ತಲೆಗೆ ಟವೆಲ್ ಸುತ್ತಿದರೆ ನೆತ್ತಿಗಷ್ಟೇ ರಕ್ಷೆ, ಕೆನ್ನೆ ಬಯಲಲ್ಲೇ ಉಳಿಯುತ್ತದೆ. ಸುತ್ತಲೂ ನಾಲ್ಕು ಬೆರಳು ಅಂಚಿರುವ ಟೋಪಿ ಬೇಕು. ಸಿಮೆಂಟು ಕಣ ಕೆಳಗಿನಿಂದಲೂ ಬೆಳಕು ಎರಚುವುದರಿಂದ ಟೋಪಿಯೊಂದೇ ಸಾಲದು. ಒತ್ತಾಗಿ ನೇಯ್ದ ಹತ್ತಿ ಬಟ್ಟೆಯಿಂದ ಮೂಗಿನವರೆಗೆ ಮುಚ್ಚಿಕೊಳ್ಳಿ.

ಸನ್‌ಸ್ಕ್ರೀನ್ ಕೊಳ್ಳುವಾಗ ಎಸ್‌ಪಿಎಫ್ 30 ಅಥವಾ ಹೆಚ್ಚು, ಪಿಎ ಎದುರು ಕನಿಷ್ಠ ಮೂರು ಪ್ಲಸ್ ಗುರುತು ಇದೆಯೇ ನೋಡಿ. ಬಂಗು ಆಗಲೇ ಇದ್ದವರು ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ್ದನ್ನೇ ತೆಗೆದುಕೊಳ್ಳುವುದು ಮೇಲು. ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಕೆದಕುತ್ತದೆ. ಬಿಳಿ ಕ್ರೀಮು ಅದನ್ನು ಅಷ್ಟಾಗಿ ತಡೆಯದು.

ಹೆಚ್ಚಿನವರು ಎಡವುವುದು ಪ್ರಮಾಣದಲ್ಲಿ. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಒಂದೊಂದು ಗೆರೆ ಹಿಂಡಿದರೆ ಮುಖ ಮತ್ತು ಕುತ್ತಿಗೆಗೆ ಸಾಕು. ಅದು ಒಂದು ಗ್ರಾಂಗಿಂತ ತುಸು ಹೆಚ್ಚು. ದಿನಕ್ಕೆರಡು ಸಲ ಹೀಗೆ ಹಚ್ಚಿದರೆ 50 ಗ್ರಾಂ ಟ್ಯೂಬು ಮೂರು ವಾರಕ್ಕೆ ಮುಗಿಯಬೇಕು. ನಾಲ್ಕು ತಿಂಗಳು ಬಂತೆಂದರೆ ಅದು ಉಳಿತಾಯವಲ್ಲ, ಹಚ್ಚಿಯೇ ಇಲ್ಲ ಎಂದು ಲೆಕ್ಕ! ಹೊರಡುವ ಕಾಲು ಗಂಟೆ ಮುಂಚೆ ಹಚ್ಚಿ. ಕಿವಿಯ ಮುಂಭಾಗ, ಮೇಲ್ದುಟಿ ಬಿಟ್ಟುಹೋಗದಿರಲಿ. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಬೆವರನ್ನು ಸೆರಗಿನಿಂದ ಉಜ್ಜಬೇಡಿ, ಒತ್ತಿ ತೆಗೆಯಿರಿ. ಇಷ್ಟು ದುಡ್ಡು ಹೊಂದದವರು ಟೋಪಿ, ಬಟ್ಟೆಯನ್ನಾದರೂ ಬಿಡದಿದ್ದರೆ ಅರ್ಧ ಕೆಲಸ ಆದಂತೆ.

ಸೌದೆ ಒಲೆಯ ಕಾವೂ ಬಂಗನ್ನು ಹೆಚ್ಚಿಸಬಹುದು. ಹಂಡೆ ಒಲೆಗೆ ಮುಖವೊಡ್ಡಿ ಊದುವ ಬದಲು ಊದುಗೊಳವೆ ಬಳಸಿ.

ಕೆಡಿಸುವ ಕೈಗಳು

ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಇನ್ನಷ್ಟು ಕಪ್ಪಾಗುತ್ತದೆ. ಕಡಲೆಹಿಟ್ಟಿನಿಂದ ತೊಳೆಯಿರಿ, ತಿಕ್ಕಬೇಡಿ. ನಮ್ಮ ಬಣ್ಣದ ಚರ್ಮ ಪ್ರತಿ ಗಾಯಕ್ಕೂ ಕಲೆ ಉಳಿಸಿಕೊಳ್ಳುತ್ತದೆ. ಮೊಡವೆ ಚಿವುಟುವುದು, ಬ್ಲೀಚು ಎಲ್ಲವೂ ಈ ಲೆಕ್ಕಕ್ಕೇ.

ಎಲ್ಲಕ್ಕಿಂತ ಅಪಾಯ, ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುವ ಸ್ಟಿರಾಯ್ಡ್ ಬೆರೆತ ಕ್ರೀಮು. ಹೆಸರಿನ ಕೆಳಗೆ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಎಂದಿದೆಯೇ ಓದಿ. ಮೊದಲ ಕೆಲವು ವಾರ ಮುಖ ಬೆಳ್ಳಗಾಗುತ್ತದೆ, ಅದೇ ಮೋಸ. ಆಮೇಲೆ ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತದೆ, ಮೊಡವೆ ಏಳುತ್ತದೆ, ಕೂದಲು ಹುಟ್ಟುತ್ತದೆ, ಬಿಟ್ಟರೆ ಉರಿ. ಲೇಬಲ್ಲೇ ಇಲ್ಲದ ಬೆಳ್ಳಗಾಗುವ ಕ್ರೀಮುಗಳಲ್ಲಿ ಪಾದರಸ ಇರಬಹುದು, ಅದು ಮೂತ್ರಪಿಂಡಕ್ಕೆ ಕುತ್ತು.

ಈ ಕ್ರಮ ತಪ್ಪದೆ ನಡೆಸಿದರೂ ವ್ಯತ್ಯಾಸ ಕಾಣಲು ಎರಡು ಮೂರು ತಿಂಗಳು ಬೇಕು. ತಿಳಿಯಾಯಿತೆಂದು ಟೋಪಿ ಬಿಟ್ಟರೆ ಮತ್ತೆ ಮರಳುತ್ತದೆ. ಮೂರು ತಿಂಗಳಾದರೂ ಹಾಗೇ ಇದ್ದರೆ ಚರ್ಮವೈದ್ಯರಿಗೆ ತೋರಿಸಿ. ಹಾಸನದ ಹಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗವಿದೆ. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ, ಚೀಲಕ್ಕೆ ಹಾಕಿಕೊಳ್ಳಿ. ಬಸುರಿಯಾಗಿದ್ದರೆ, ಹಾಲೂಡಿಸುತ್ತಿದ್ದರೆ ಅದನ್ನು ಮೊದಲೇ ಹೇಳಿ.