ಡೀ ನದಿಯ ತಣ್ಣೀರಿನಲ್ಲಿ ತೂಕದ ಫ್ಲೈ

ಮಾರ್ಚ್ ಮೊದಲ ವಾರ. ಸ್ಕಾಟ್ಲೆಂಡ್‌ನ ಬ್ಯಾಂಕೊರಿ ಊರಿನ ಕೆಳಗೆ ಡೀ ನದಿ ದಡದ ಹುಲ್ಲನ್ನೂ ಮುಳುಗಿಸಿಕೊಂಡು ಹರಿಯುತ್ತಿತ್ತು. ಕೇರ್ನ್‌ಗಾರ್ಮ್ ಬೆಟ್ಟಗಳಲ್ಲಿ ಸುರಿದ ಮಳೆಯ ನೀರು ಅದು, ಆಗಷ್ಟೇ ಇಳಿಯತೊಡಗಿತ್ತು. ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು ನೋಡಿದೆ: 3 ಡಿಗ್ರಿ ಸೆಲ್ಸಿಯಸ್. ಅಬರ್ಡೀನ್‌ಗೆ ಕೆಲಸಕ್ಕೆಂದು ಬಂದ ಮೇಲೆ ಸಾಲ್ಮನ್ ಹಿಡಿಯಲು ಕಲಿತವನು ನಾನು. ಡೀ ನದಿಯಲ್ಲಿ ಫೆಬ್ರವರಿ 1ಕ್ಕೆ ಋತು ಶುರುವಾಗುತ್ತದೆ. ಮೊದಲ ಎರಡು ವರ್ಷ ಇಂಥ ನೀರಿನಲ್ಲಿ ಒಂದು ಮೀನೂ ನನ್ನ ಫ್ಲೈಯನ್ನು, ಅಂದರೆ ಕೂದಲು, ನೂಲು, ಜರಿಯಿಂದ ಕಟ್ಟಿದ ಕೃತಕ ಎರೆಯನ್ನು, ಮುಟ್ಟಿರಲಿಲ್ಲ.

ನಾನು ಮೊದಲು ಗಾಳ ಹಿಡಿದದ್ದು ಕಾವೇರಿಯಲ್ಲಿ, ಮುತ್ತತ್ತಿಯ ಕಡೆ. ಅಲ್ಲಿ ಬಿಳಿಮೀನಿಗೆ, ಅಂದರೆ ಮಹಶೀರ್‌ಗೆ, ರಾಗಿ ಹಿಟ್ಟಿನ ಉಂಡೆ ಹಾಕುತ್ತಿದ್ದೆವು. ದಾರಕ್ಕೆ ಸುತ್ತಿದ ಸೀಸ ಅದನ್ನು ಬಂಡೆಗಳ ನಡುವೆ ಕೂರಿಸುತ್ತಿತ್ತು, ಹಸಿದ ಮೀನು ತಾನೇ ಹುಡುಕಿಕೊಂಡು ಬರುತ್ತಿತ್ತು. ತೂಕ ಇರುವುದು ತಳ ಮುಟ್ಟಿಸುವುದಕ್ಕೆ ಎಂಬುದು ಅಲ್ಲಿಂದಲೇ ನನ್ನ ತಲೆಯಲ್ಲಿ ಕೂತಿತ್ತು. ಸಾಲ್ಮನ್ ಸಂಗತಿಯೇ ಬೇರೆ. ಮೊಟ್ಟೆಯಿಡಲು ಸಮುದ್ರದಿಂದ ನದಿಗೆ ಹತ್ತಿದ ಮೇಲೆ ಅದು ಆಹಾರವನ್ನೇ ತಿನ್ನುವುದಿಲ್ಲ. ಇಂಥ ಚಳಿಯಲ್ಲಿ ಮೈ ಮರಗಟ್ಟಿದಂತೆ ನಿಂತಿರುತ್ತದೆ; ಬ್ಯಾಂಕೊರಿಯಲ್ಲಿ ಡೀಯನ್ನು ಸೇರುವ ಫ್ಯೂ ಹೊಳೆಯ ಜಲಪಾತವನ್ನು ಸಹ ನೀರು ಬೆಚ್ಚಗಾಗುವ ತನಕ ಹಾರಲು ಹೋಗುವುದಿಲ್ಲ. ಜೂನ್‌ನಲ್ಲಿ ಫ್ಲೈಯನ್ನು ಬೆನ್ನಟ್ಟಿ ಮೇಲೆದ್ದು ಬರುವ ಮೀನೇ ಮಾರ್ಚ್‌ನಲ್ಲಿ ಒಂದು ಗಜ ಕದಲಲು ಒಲ್ಲೆನ್ನುತ್ತದೆ. ಫ್ಲೈ ಅದರ ಮೂತಿಯ ಮುಂದೆಯೇ ಬರಬೇಕು, ನಿಧಾನವಾಗಿ ಬರಬೇಕು.

ಈ ಕೆಲಸಕ್ಕೆ ಟ್ಯೂಬ್ ಫ್ಲೈ ಬಿಟ್ಟು ಬೇರೆ ಯಾವುದನ್ನೂ ನಾನು ಈಗ ಕಟ್ಟುವುದಿಲ್ಲ. ಅದು ಹುಟ್ಟಿದ್ದು ನಾನಿರುವ ಅಬರ್ಡೀನ್‌ನಲ್ಲೇ, 1940ರ ದಶಕದಲ್ಲಿ, ಪ್ಲೇಫೇರ್ ಅಂಗಡಿಯಲ್ಲಿ ಫ್ಲೈ ಕಟ್ಟುತ್ತಿದ್ದ ಮೊರಾವ್ಸ್ಕಿ ಎಂಬ ಹೆಣ್ಣುಮಗಳ ಕೈಯಲ್ಲಿ ಎನ್ನುತ್ತಾರೆ. ಕೂದಲನ್ನು ಕೊಕ್ಕೆಗೆ ಕಟ್ಟದೆ ಸಣ್ಣ ಕೊಳವೆಗೆ ಕಟ್ಟುತ್ತೇವೆ. ನೈಲಾನ್ ಎಳೆ ಕೊಳವೆಯೊಳಗೆ ಹಾದು ಹಿಂದಿನ ಕೊಕ್ಕೆಯನ್ನು ಸೇರುತ್ತದೆ. ಮೀನು ಸಿಕ್ಕೊಡನೆ ಕೊಳವೆ ಎಳೆಯ ಮೇಲೆ ಜಾರಿ ದೂರ ಸರಿಯುತ್ತದೆ, ಬಾಯಲ್ಲಿ ಉಳಿಯುವುದು ಚಿಕ್ಕ ಕೊಕ್ಕೆಯೊಂದೇ. ಉದ್ದ ಕಾಂಡದ ದೊಡ್ಡ ಕೊಕ್ಕೆ ಸನ್ನೆಗೋಲಿನಂತೆ ಮೀಟಿ ಮೀಟಿ ಕಳಚಿಕೊಳ್ಳುತ್ತದೆ. ಇದು ಹಾಗೆ ಮಾಡುವುದಿಲ್ಲ.

ನಾನು ಕಟ್ಟುವುದು ವಿಲ್ಲಿ ಗನ್. ಉತ್ತರದ ಬ್ರೋರಾ ಸೀಮೆಯ ಕಾವಲುಗಾರನೊಬ್ಬನ ಹೆಸರಿನ ಫ್ಲೈ ಅದು. ಕೊಳವೆಯನ್ನು ಸೂಜಿಗೆ ಏರಿಸಿ, ಸೂಜಿಯನ್ನು ವೈಸ್ ಎಂಬ ಇಕ್ಕಳದಲ್ಲಿ ಬಿಗಿಯುತ್ತೇನೆ. ಕಪ್ಪು ನೂಲಿನ ಮೈ, ಅದರ ಮೇಲೆ ಚಿನ್ನದ ಜರಿಯ ಸುತ್ತು. ಜಿಂಕೆ ಬಾಲದ ಕೂದಲು ಕಪ್ಪು, ಕಿತ್ತಳೆ, ಹಳದಿ ಮೂರನ್ನೂ ಬೆರಳಲ್ಲೇ ಬೆರೆಸಿ, ಚಿಟಿಕೆ ಚಿಟಿಕೆಯಾಗಿ ಕೊಳವೆಯ ಸುತ್ತಲೂ ಕಟ್ಟುತ್ತಾ ಬರುತ್ತೇನೆ. ಕೂದಲು ದಟ್ಟವಾದರೆ ಅದೇ ಫ್ಲೈಯನ್ನು ಎತ್ತಿ ಹಿಡಿಯುತ್ತದೆ, ಲೋಹದ ತೂಕ ದಂಡವಾಗುತ್ತದೆ. ಕಿಟಕಿಗೆ ಹಿಡಿದರೆ ಕೂದಲಿನ ನಡುವೆ ಬೆಳಕು ಕಾಣಬೇಕು. ಲೋಹದ ಕೊಳವೆಯೊಳಗೆ ತೆಳು ಪ್ಲಾಸ್ಟಿಕ್ ನಳಿಕೆ ಇರಲೇಬೇಕು. ಅದರ ತುದಿಗಳನ್ನು ಒಂದಿಷ್ಟು ಹೊರಗೆ ಬಿಟ್ಟು ಲೈಟರ್ ಹತ್ತಿರ ತಂದರೆ ಅಣಬೆಯಂತೆ ಅರಳಿ ಗಟ್ಟಿಯಾಗುತ್ತದೆ. ಒಮ್ಮೆ ಈ ಕೆಲಸಕ್ಕೆ ಬೇಸರಪಟ್ಟು ಬರಿಯ ತಾಮ್ರದ ಕೊಳವೆ ಬಳಸಿದೆ. ಅಂಚಿಗೆ ಎಳೆ ಸವೆದು ಕತ್ತರಿಸಿತು. ಕೊಕ್ಕೆಯನ್ನು ಬಾಯಲ್ಲಿಟ್ಟುಕೊಂಡು ಹೋದ ಆ ಮೀನಿನ ನೆನಪು ಇವತ್ತಿಗೂ ಚುಚ್ಚುತ್ತದೆ.

ಇನ್ನು ತೂಕ. ಅದೇ ಅಳತೆಯ ಅಲ್ಯೂಮಿನಿಯಂ ಕೊಳವೆಗಿಂತ ತಾಮ್ರದ್ದು ಮೂರು ಪಟ್ಟಿಗೂ ಹೆಚ್ಚು ಭಾರ, ಟಂಗ್‌ಸ್ಟನ್ ಏಳು ಪಟ್ಟು. ನದಿ ಏರಿದಷ್ಟೂ ನಾನು ಭಾರದ ಕಡೆಗೇ ಹೋಗುತ್ತಿದ್ದೆ. ಲೈನ್ ಅಂದರೆ ನೈಲಾನ್ ಎಳೆಯ ಹಿಂದಿರುವ ದಪ್ಪ ದಾರ; ತೇಲುವ ಲೈನ್‌ಗೆ ತಾಮ್ರದ ಫ್ಲೈ ಕಟ್ಟಿ ಎಸೆಯುತ್ತಿದ್ದೆ. ಮೇಲ್ನೀರಿನ ಸೆಳೆತ ದಪ್ಪ ಲೈನನ್ನು ಬಿಲ್ಲಿನಂತೆ ಬಾಗಿಸಿಕೊಂಡು ಓಡುತ್ತಿತ್ತು, ಅದರ ಹಿಂದೆ ಫ್ಲೈಯೂ ಓಡುತ್ತಿತ್ತು. ಅಷ್ಟು ಭಾರವಿದ್ದೂ ಇಳಿಯಲು ಅದಕ್ಕೆ ಪುರಸೊತ್ತಿರಲಿಲ್ಲ. ದಡದ ಸೌಮ್ಯ ನೀರಿಗೆ ಬಂದ ಕೂಡಲೇ ಮಾತ್ರ ನೇರ ಕೆಳಗಿಳಿದು ಕಲ್ಲುಗಳ ಸಂದಿಗೆ ಸಿಕ್ಕಿಕೊಳ್ಳುತ್ತಿತ್ತು. ಒಂದು ಸಲ ಎಸೆಯುವಾಗ ತಾಮ್ರ ಬಡಿದು ಕೋಲಿನ ತುದಿಯೇ ಮುರಿಯಿತು.

ನನ್ನ ಕಣ್ಣು ತೆರೆಸಿದವರು ಒಬ್ಬ ಹಿರಿಯ ಘಿಲ್ಲಿ. ನದಿಯ ಮಡುಗಳನ್ನು ನೋಡಿಕೊಂಡು, ಗಾಳದವರಿಗೆ ಜೊತೆಯಾಗುವವರನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಸೊಂಟಮಟ್ಟ ನೀರಿನಲ್ಲಿ ನಿಂತಿದ್ದ ನನ್ನನ್ನು ದಡಕ್ಕೆ ಕರೆದು, ನಾನು ನಿಂತಿದ್ದ ಜಾಗವನ್ನೇ ಬೆರಳು ಮಾಡಿ ತೋರಿಸಿದರು. ಇವತ್ತು ಮೀನು ಇರಬೇಕಾದದ್ದು ಅಲ್ಲಿ ಎಂದರು. ನದಿ ತುಂಬಿದಾಗ ನಡುಹೊಳೆಯ ರಭಸಕ್ಕೆ ಎದೆಕೊಡುವುದು ಯಾವ ಮೀನಿಗೂ ಬೇಡ, ಅದು ದಡದ ಮಗ್ಗುಲಿಗೆ ಸರಿಯುತ್ತದೆ.

ಅಂದಿನಿಂದ ಫ್ಲೈಯನ್ನು ಆಳಕ್ಕೆ ಒಯ್ಯುವ ಕೆಲಸವನ್ನು ಮುಳುಗುವ ಲೈನ್‌ಗೆ ಬಿಟ್ಟಿದ್ದೇನೆ. ಕೊಳವೆಯ ಕೆಲಸ ಆ ಆಳದಲ್ಲಿ ಮೇಲೇಳದೆ, ಆತುರಪಡದೆ ನಿಲ್ಲುವುದು. ನೈಲಾನ್ ಎಳೆ ನಾಲ್ಕು ಅಡಿ ಸಾಕು; ಉದ್ದವಾದರೆ ಲೈನ್ ಕೆಳಗೆ, ಫ್ಲೈ ಮೇಲೆ ಆಗುತ್ತದೆ. ನೀರು ದಡ ಮುಟ್ಟಿದ ದಿನ, ಮೀನು ದಡದ ಸೌಮ್ಯ ನೀರಿನಲ್ಲಿರುವುದರಿಂದ, ಎರಡು ಇಂಚಿನ ಹಗುರ ಅಲ್ಯೂಮಿನಿಯಂ. ನೀರು ಒಂದೆರಡು ಅಡಿ ಇಳಿದು ಮೀನು ಮತ್ತೆ ಮಡುವಿನ ನಡುವಿಗೆ ಹೋದ ಮೇಲೆ ಹಿತ್ತಾಳೆ. ತಾಮ್ರವನ್ನು ತೆಗೆಯುವುದು ಆಳವಾದ, ಒಂದೇ ಸಮನೆ ಹರಿಯುವ ಒಂದೆರಡು ಮಡುಗಳಿಗೆ ಮಾತ್ರ. ಭಾರವಾದ ಫ್ಲೈಯನ್ನು ನೀರಿನೊಳಗಿಂದ ಹಾಗೇ ಕಿತ್ತೆಸೆಯಬಾರದು. ಮೊದಲು ಲೈನನ್ನು ಉರುಳಿಸಿ ಮೇಲ್ಮೈಗೆ ತಂದುಕೊಂಡು, ಆಮೇಲೆ ಹದಿನೈದು ಅಡಿಯ ಕೋಲನ್ನು ಅವಸರವಿಲ್ಲದೆ ಬೀಸಬೇಕು. ಬಿದ್ದೊಡನೆ ಲೈನನ್ನು ಒಮ್ಮೆ ಪ್ರವಾಹದ ಎದುರಿಗೆ ಎತ್ತಿ ಹಾಕಿದರೆ ಬಿಲ್ಲು ಬಾಗುವುದಿಲ್ಲ.

ಥರ್ಮಾಮೀಟರ್ ಇಳಿಬಿಟ್ಟ ಆ ದಿನ ದಡದ ಮೇಲೆಯೇ ನಿಂತು ಅಲ್ಯೂಮಿನಿಯಂ ಫ್ಲೈ ಎಸೆದೆ. ಅದು ಸುತ್ತಿ ಬಂದು ನನ್ನ ಕೆಳಗೆ, ದಡದಿಂದ ಎರಡು ಗಜದೊಳಗೆ ತೂಗಾಡುತ್ತಿತ್ತು. ಲೈನ್ ನಿಂತಿತು. ಕಲ್ಲು ಎಂದುಕೊಂಡೆ. ಕಲ್ಲು ನಿಧಾನವಾಗಿ ನಡುಹೊಳೆಯ ಕಡೆಗೆ ಹೊರಟಿತು. ಕೋಲು ಎಳೆಯದೆ, ಮೀನು ತಾನೇ ತಿರುಗಲೆಂದು ಬಿಟ್ಟೆ.

ಸ್ಕಾಟ್ಲೆಂಡ್‌ನಲ್ಲಿ ಮಾರ್ಚ್ 31ರವರೆಗೆ ಹಿಡಿದ ಸಾಲ್ಮನನ್ನು ಕೊಲ್ಲುವಂತಿಲ್ಲ. ನೀರಿನಿಂದ ಎತ್ತದೆಯೇ ಮುಳ್ಳಿಲ್ಲದ ಕೊಕ್ಕೆಯನ್ನು ಬಿಡಿಸಿದೆ. ಬೆಳ್ಳಿಯಂಥ ಮೈ, ಬೆನ್ನಲ್ಲಿ ಕಡಲಿನ ನೀಲಿ. ಬಾಲದ ಬುಡ ಹಿಡಿದು ತಲೆಯನ್ನು ಪ್ರವಾಹಕ್ಕೆ ಎದುರಾಗಿಸಿ ಕಾದೆ. ಬೆರಳುಗಳಿಗೆ ಸ್ಪರ್ಶ ತಿಳಿಯದಂತಾದಾಗ ಅದು ಒಮ್ಮೆ ಒದ್ದು ಹೊರಟುಹೋಯಿತು. ಕೊಳವೆ ಎಳೆಯ ತುದಿಯವರೆಗೂ ಜಾರಿ ಲೈನಿನ ಗಂಟಿಗೆ ತಾಗಿ ನಿಂತಿತ್ತು, ಅದರ ಕಿತ್ತಳೆ ಕೂದಲಿನ ತುದಿಗಳಲ್ಲಿ ಆಗಲೇ ಮಂಜು ಕಟ್ಟತೊಡಗಿತ್ತು.