ಗಣಿ ಮಣ್ಣಿನ ಗುಡ್ಡೆಯ ಮೇಲೆ ಹಸಿರು ಅಳೆದದ್ದು

ಸಂಡೂರಿನ ಕಬ್ಬಿಣದ ಗಣಿ. ಹೊರಗೆ ಸುರಿದ ಮಣ್ಣಿನ ಗುಡ್ಡೆಯ ಮೇಲೆ ಗಿಡ ನೆಟ್ಟು ಹುಲ್ಲು ಬಿತ್ತಿದ್ದರು. ಎಷ್ಟು ಹಸಿರಾಗಿದೆ ಎಂದು ಅಳೆಯುವುದು ನಮ್ಮ ಕೆಲಸ. ಒಂದು ಮೀಟರ್ ಚೌಕ ಇಟ್ಟು ಕಣ್ಣಳತೆಯಲ್ಲಿ ನೋಡಿದೆವು. ಒಂದೇ ಚೌಕಕ್ಕೆ ನಾನು 40% ಅಂದೆ, ಜೊತೆಗಾರ 65% ಅಂದ. ಇಂಥ ಲೆಕ್ಕವನ್ನು ನಂಬುವುದು ಹೇಗೆ?

ಚೌಕಕ್ಕೆ ಅಡ್ಡ 10, ಉದ್ದ 10 ದಾರ ಕಟ್ಟಿದೆ. ದಾರಗಳು ಸೇರುವ ಜಾಗ 100. ಪ್ರತಿ ಜಾಗದಲ್ಲೂ ತೆಳು ಕಂಬಿಯನ್ನು ನೇರ ಇಳಿಸಿ, ಅದಕ್ಕೆ ತಾಗಿದ ಗಿಡಗಳನ್ನೆಲ್ಲ ಬರೆದುಕೊಂಡೆ. 52 ಕಡೆ ಗಿಡ ತಾಗಿದರೆ ಹೊದಿಕೆ, ಅಂದರೆ ಗಿಡಗಳು ಮುಚ್ಚಿದ ನೆಲದ ಪಾಲು, 52%. ತಂಗಡಿಯ ಕೆಳಗೆ ಗರಿಕೆ ಇದ್ದರೆ ಎರಡೂ ಬರೆಯಬೇಕು, ಆದರೆ ಒಟ್ಟು ಹೊದಿಕೆಗೆ ಒಂದೇ ಸಲ ಎಣಿಸಬೇಕು. ಈಗ ನಮ್ಮಿಬ್ಬರ ಲೆಕ್ಕ ಹತ್ತಿರ ಹತ್ತಿರ ಬರುತ್ತಿದೆ!

ಪುಟ್ಟ ತುಂಬೆಯಂಥವು ಎಷ್ಟೋ ಸಲ ಕಂಬಿಗೆ ಸಿಗುವುದಿಲ್ಲ. ಅವನ್ನು ಬೇರೆಯಾಗಿ ಹುಡುಕಿ ಪಟ್ಟಿಗೆ ಸೇರಿಸಿದೆ.

ಸುಮ್ನೆ ಎಷ್ಟು ಜಾತಿಯ ಗಿಡಗಳಿವೆ ಎಂದು ಎಣಿಸಿದರೂ ಸಾಲದು. ಎಷ್ಟು ಜಾತಿ ಇವೆ, ಎಷ್ಟು ಸಮವಾಗಿ ಹಂಚಿವೆ ಎಂಬುದನ್ನು ಒಂದೇ ಅಂಕಿಯಲ್ಲಿ ಹೇಳುವುದು ಶಾನನ್ ಸೂಚ್ಯಂಕ. ನಾಲ್ಕು ಜಾತಿ ಸಮವಾಗಿದ್ದರೆ ಅದು 1.39. ಒಂದೇ ಜಾತಿ 85%, ಉಳಿದ ಮೂರು ತಲಾ 5% ಇದ್ದರೆ ಬರೀ 0.59. ದೂರದಿಂದ ಎರಡೂ ಹಸಿರೇ, ಅಲ್ವಾ?

ಇಳಿಜಾರಿನಲ್ಲೂ ಚೌಕ ಇಡಿ. ಮಣ್ಣು ಜಾಸ್ತಿ ಕೊಚ್ಚಿಹೋಗುವುದು ಅಲ್ಲೇ.