ಕಟ್ಟುಕತೆಯ ದೇಶಕ್ಕೆ ಪೊಲೀಸ್ ಪಡೆ ಕಟ್ಟುವ ಬಗೆ

ಕತೆಗೋ ನಾಟಕಕ್ಕೋ ಒಂದು ಹೊಸ ದೇಶ ಹುಟ್ಟಿಸಿದ್ದೀರಿ. ಮಾರಂಗ ಅಂತ ಹೆಸರಿಡೋಣ. ನಕ್ಷೆ ಆಯಿತು, ಬಾವುಟ ಆಯಿತು, ಇನ್ನು ಪೊಲೀಸರು ಬೇಕು. ದಾವಣಗೆರೆಯಲ್ಲಿ ಬರೆಯುವ ಹುಡುಗರು ನನಗೆ ತೋರಿಸುವ ಹಾಳೆಗಳಲ್ಲಿ ಸಾಮಾನ್ಯವಾಗಿ ಒಬ್ಬ ಮಹಾನಿರ್ದೇಶಕ, ಒಂದು ಕಪ್ಪು ಕೋಟು, ಹದ್ದಿನ ಲಾಂಛನ ಇರುತ್ತವೆ. ಅಷ್ಟೇ. ಠಾಣೆಯಲ್ಲಿ ರೈಟರ್ ಆಗಿ ಡೈರಿ ಬರೆದು ನಿವೃತ್ತನಾದ ನನಗೆ ಅದು ಪೊಲೀಸ್ ಅನ್ನಿಸುವುದೇ ಇಲ್ಲ. ಪಡೆಯನ್ನು ಕೆಳಗಿನಿಂದ ಕಟ್ಟಿ. ಜಗಳೂರಿನ ಕಡೆಯಂಥ ಒಂದು ಒಣ ಸೀಮೆ, ಅಲ್ಲೊಂದು ಔಟ್‌ಪೋಸ್ಟ್, ನಾಲ್ಕು ಜನ ಸಿಬ್ಬಂದಿ. ಅಲ್ಲಿಂದ ಶುರು.

ಆಮೇಲೆ ಕೇಳಿಕೊಳ್ಳಿ, ದೇಶಕ್ಕೆಲ್ಲ ಒಂದೇ ಪಡೆಯೋ, ಹಲವೋ? ನಮ್ಮ ಸಂವಿಧಾನದಲ್ಲಿ ಪೊಲೀಸ್ ರಾಜ್ಯದ ವಿಷಯ. ದಾವಣಗೆರೆ ಎಸ್ಪಿಯವರ ಮೇಲೆ ಪೂರ್ವ ವಲಯದ ಐಜಿಪಿ, ಅವರ ಮೇಲೆ ಬೆಂಗಳೂರಿನ ಡಿಜಿಪಿ. ಸರಪಳಿ ಅಲ್ಲಿಗೆ ಮುಗಿಯುತ್ತದೆ, ದಿಲ್ಲಿಗೆ ಹೋಗುವುದಿಲ್ಲ. ಶ್ರೀಲಂಕಾ, ನ್ಯೂಜಿಲೆಂಡ್‌ಗಳಲ್ಲಿ ದೇಶಕ್ಕೆ ಒಂದೇ ಪಡೆ. ಸ್ಕಾಟ್ಲೆಂಡಿನಲ್ಲಿ ಎಂಟು ಪಡೆಗಳಿದ್ದವು, 2013ರಲ್ಲಿ ಎಲ್ಲವನ್ನೂ ಸೇರಿಸಿ ಒಂದು ಮಾಡಿದರು. ಫ್ರಾನ್ಸಿನಲ್ಲಿ ಎರಡು: ಪಟ್ಟಣಕ್ಕೆ ಪೊಲೀಸ್, ಹಳ್ಳಿಗಾಡಿಗೆ ಸೈನಿಕ ಶಿಸ್ತಿನ ಜಾಂಡಾರ್ಮ್.

ಎರಡು ಪಡೆ ಇಟ್ಟರೆ ಸರಹದ್ದಿನ ಜಗಳ ತಾನಾಗೇ ಬರುತ್ತದೆ. ಹರಿಹರದ ತುಂಗಭದ್ರಾ ಸೇತುವೆ ನೋಡಿ. ಈಚೆ ದಾವಣಗೆರೆ ಜಿಲ್ಲೆ, ಆಚೆ ಹಾವೇರಿ ಜಿಲ್ಲೆ. ನಡುಹೊಳೆಯಲ್ಲಿ ಹೆಣ ತೇಲಿದರೆ ಯಾರದು? ಎರಡೂ ದಡದವರು 'ನಮಗೆ ಬರಲ್ಲ' ಅನ್ನುವ ದೃಶ್ಯ ಬರೆಯುವುದೇ ಒಂದು ಮಜಾ. ನಮ್ಮಲ್ಲಿ ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಬರೆಸಬಹುದು. ಮಾರಂಗಕ್ಕೆ ಆ ಸವಲತ್ತು ಕೊಡಬೇಡಿ, ಕತೆ ಸಪ್ಪೆಯಾಗುತ್ತದೆ.

ಒಂದೇ ಪಡೆ ಅಂತಾದರೆ ಕಷ್ಟ ಬೇರೆ ಥರ. ವರ್ಗಾವಣೆ ಯಾವ ಮೂಲೆಗಾದರೂ ಆಗಬಹುದು. ಕಡಲ ತೀರದ ಪೇದೆ ಬೆಟ್ಟದ ಔಟ್‌ಪೋಸ್ಟಿಗೆ ಬರುತ್ತಾನೆ. ಅಲ್ಲಿನ ಅಜ್ಜಿ ಹೇಳಿದ್ದು ಅವನಿಗೆ ಅರ್ಥವಾಗುವುದಿಲ್ಲ, ಅವನು ಬರೆದದ್ದನ್ನು ಅಜ್ಜಿ ಓದಲಾರಳು. ಹೆಬ್ಬೆಟ್ಟು ಒತ್ತುತ್ತಾಳೆ. ಸಾಕ್ಷಿ ಕೆಡುವುದು ಇಲ್ಲೇ, ಕೋರ್ಟಿನಲ್ಲಲ್ಲ.

ದರ್ಜೆಗಳು ಜಾಸ್ತಿ ಬೇಡ, ಸಣ್ಣ ದೇಶಕ್ಕೆ ಐದು ಸಾಕು. ಆದರೆ ನೇರ ನೇಮಕಾತಿ ಎಲ್ಲೆಲ್ಲಿ ಅಂತ ಗಟ್ಟಿ ಮಾಡಿಕೊಳ್ಳಿ. ನಮ್ಮಲ್ಲಿ ಪೇದೆ, ಪಿಎಸ್‌ಐ, ಡಿವೈಎಸ್ಪಿ ಹಂತಗಳಲ್ಲಿ ನೇರವಾಗಿ ಬರಬಹುದು, ಐಪಿಎಸ್ ಬೇರೆಯೇ ದಾರಿ. ಹಾಗಾಗಿ ತಲೆ ನರೆತ ಹೆಡ್ ಕಾನ್‌ಸ್ಟೇಬಲ್ ಮಗನ ವಯಸ್ಸಿನ ಪಿಎಸ್‌ಐಗೆ ಸೆಲ್ಯೂಟ್ ಹೊಡೆಯುತ್ತಾನೆ. ಊರಿನ ಒಳಗುಟ್ಟು ಗೊತ್ತಿರುವುದು ಮಾತ್ರ ಹೆಡ್ಡಿಗೆ. ಆ ಇಬ್ಬರ ನಡುವಿನ ಮಾತು ಸರಿಯಾಗಿ ಬಂದರೆ ಓದುವವರು ನಿಮ್ಮನ್ನು ನಂಬುತ್ತಾರೆ.

ಬಟ್ಟೆಗೆ ಒಂದೇ ಮಾತು. 1829ರಲ್ಲಿ ಲಂಡನ್ ಪೊಲೀಸರಿಗೆ ನೀಲಿ ಕೊಟ್ಟರು, ಕೆಂಪು ತೊಟ್ಟ ಸೈನಿಕರಂತೆ ಕಾಣಬಾರದು ಅಂತ. ನಿಮ್ಮ ಸರ್ಕಾರಕ್ಕೆ ಪೊಲೀಸರು ಸೈನಿಕರಂತೆ ಕಾಣಬೇಕೋ ಬೇಡವೋ, ಅದನ್ನು ನೋಡಿ ಬಣ್ಣ ಆರಿಸಿ.

ಸಿಬ್ಬಂದಿ ಲೆಕ್ಕದಲ್ಲಿ ಮಾತ್ರ ಸಡಿಲ ಬಿಡಬೇಡಿ. ಚಿತ್ರದುರ್ಗದ ಓಬವ್ವನ ಕತೆ ಎಲ್ಲರಿಗೂ ಗೊತ್ತು. ವೀರಾವೇಶ ಇರಲಿ, ನನ್ನಂಥವನಿಗೆ ಅದು ರಿಲೀಫ್ ಡ್ಯೂಟಿಯ ಕತೆ. ಕಾವಲುಗಾರ ಊಟಕ್ಕೆ ಕೂತಿದ್ದಾನೆ, ಬದಲಿಗೆ ಇನ್ನೊಬ್ಬನಿಲ್ಲ, ಕಿಂಡಿ ಖಾಲಿ. ಶತ್ರು ಬರುವುದೇ ಆಗ. ನಾಯಕನಹಟ್ಟಿ ತೇರಿಗೋ ನಮ್ಮ ದುಗ್ಗಮ್ಮನ ಜಾತ್ರೆಗೋ ಬಂದೋಬಸ್ತ್ ಬಿದ್ದರೆ ಬೇರೆ ಠಾಣೆಗಳಿಂದಲೂ ಜನರನ್ನು ಕರೆಸುತ್ತಾರೆ. ಆ ಠಾಣೆಗಳಲ್ಲಿ ಅವತ್ತು ಯಾರಿರುತ್ತಾರೆ ಅಂತ ಕಳ್ಳನಿಗೂ ಗೊತ್ತು. ಮಾರಂಗಕ್ಕೂ ಒಂದು ಜಾತ್ರೆ ಕೊಡಿ.

ಮುಖ್ಯಸ್ಥನನ್ನು ಎತ್ತಂಗಡಿ ಮಾಡುವ ಅಧಿಕಾರ ಯಾರಿಗೆ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. 2006ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಡಿಜಿಪಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕು ಅಂದಿತು. ಅಂಥ ರಕ್ಷಣೆ ಇಲ್ಲದ ದೇಶದಲ್ಲಿ ಮಂತ್ರಿಯ ಒಂದು ಫೋನ್ ಔಟ್‌ಪೋಸ್ಟಿನವರೆಗೂ ಇಳಿಯುತ್ತದೆ.

ಈಗ ಠಾಣಾ ಡೈರಿಯ ಒಂದು ಪುಟ ಬರೆಯಿರಿ. ಕತೆಯಲ್ಲಿ ಬಳಸದಿದ್ದರೂ ಪರವಾಗಿಲ್ಲ. ಹೀಗೆ:

6-00: ರೋಲ್ ಕಾಲ್. ಇಬ್ಬರು ಹಾಜರ್, ಇಬ್ಬರು ಜಾತ್ರೆ ಬಂದೋಬಸ್ತಿಗೆ.
7-15: ಪೇದೆ ಬೀಟ್‌ಗೆ ಹೊರಟಿದ್ದು, ಲಾಠಿ ಒಂದು, ಟಾರ್ಚ್ ಒಂದು.
11-00: ಕುರಿ ಕಳವಿನ ಸಂಬಂಧ ಒಬ್ಬನನ್ನು ಹಾಜರುಪಡಿಸಿದ್ದು. ಇಬ್ಬರು ಪಂಚರ ಮುಂದೆ ಮಹಜರು.

ಮುದ್ದೇಮಾಲು, ಅಂದರೆ ಕೇಸಿನಲ್ಲಿ ವಶಪಡಿಸಿಕೊಂಡ ಮಾಲು, ಇಲ್ಲಿ ಜೀವಂತ ಕುರಿ. ಅದನ್ನು ಎಲ್ಲಿ ಕಟ್ಟುತ್ತಾರೆ, ಮೇವು ಯಾರ ಜೇಬಿನಿಂದ, ಅದೂ ಯೋಚಿಸಿ.

ಮುಖ್ಯವಾದದ್ದು ಆ 11-00. ನಮ್ಮ ಸಂವಿಧಾನದ 22ನೇ ವಿಧಿ ಪ್ರಕಾರ ಬಂಧಿಸಿದ 24 ಗಂಟೆಯೊಳಗೆ, ದಾರಿಯ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಮಾರಂಗದಲ್ಲಿ ಎಷ್ಟು ಗಂಟೆ ಅಂತ ನೀವೇ ಹಾಕಿಕೊಳ್ಳಿ. ಪೇದೆ ಅವನನ್ನು ನಿಜವಾಗಿ ಹಿಡಿದು ತಂದದ್ದು 7-40ಕ್ಕೆ. ಹೆಡ್ ಡೈರಿಯಲ್ಲಿ 11-00 ಅಂತ ಬರೆದಿದ್ದಾನೆ. ನಡುವಿನ ಮೂರು ಗಂಟೆ ಇಪ್ಪತ್ತು ನಿಮಿಷ ಆ ಕೋಣೆಯಲ್ಲಿ ಏನಾಯಿತು ಅನ್ನುವುದರಿಂದ ಮೊದಲ ಅಧ್ಯಾಯ ಶುರು ಮಾಡಬಹುದು.